ಆಟಿಕೆಯಲ್ಲ, ಅದು ಮೋಟಾರು ವಾಹನ

ಮಲೆನಾಡಿನ ತೋಟದ ಮನೆಗಳಿಗೆ, ವಾರಾಂತ್ಯದ ಬಂಗಲೆಗಳಿಗೆ ಮಕ್ಕಳಿಗೆಂದೇ ತಯಾರಾದ ಪುಟ್ಟ ಪೆಟ್ರೋಲ್ ಬೈಕುಗಳು ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತಿವೆ. ಮಾರುವವರು ಅದನ್ನು ‘ಆಟಿಕೆ’ ಎನ್ನುತ್ತಾರೆ. ಕೊಳ್ಳುವವರು ‘ಆಫ್ ರೋಡ್ ಗಾಡಿ, ಲೈಸೆನ್ಸ್ ಬೇಕಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ರಸ್ತೆಯಲ್ಲಿ ಓಡಿಸಬಾರದ ಗಾಡಿಯೆಂದರೆ ಗುಡ್ಡದಲ್ಲಿ ಓಡಿಸಬಹುದಾದ ಗಾಡಿ ಎಂಬ ಅರ್ಥವನ್ನು ಇವರಿಗೆ ಹೇಳಿಕೊಟ್ಟವರು ಯಾರು?

ಕಾನೂನು ಏನನ್ನುತ್ತದೆಂಬುದನ್ನು ಮೊದಲು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು, ಎಂಜಿನ್ ಸಾಮರ್ಥ್ಯ 25 ಸಿ.ಸಿ. ಮೀರದಿದ್ದರೆ ಮಾತ್ರ ಅದು ‘ಮೋಟಾರು ವಾಹನ’ವಲ್ಲ. ಆವರಣದೊಳಗಿನ ಬಳಕೆಗೆ ಮಾತ್ರವೇ ರೂಪಿಸಿದ ವಿಶೇಷ ವಾಹನಕ್ಕೂ ವಿನಾಯಿತಿಯುಂಟು. ಅಂದರೆ 49 ಸಿ.ಸಿ.ಯ ಮಕ್ಕಳ ಬೈಕು ಬೇಲಿ ದಾಟಿ ಊರ ದಾರಿಗಿಳಿದ ಕ್ಷಣವೇ ಆ ವಿನಾಯಿತಿಯ ಆಸರೆ ಕಳಚುತ್ತದೆ. ‘ಸಾರ್ವಜನಿಕ ಸ್ಥಳ’ವೆಂದರೆ ಡಾಂಬರು ರಸ್ತೆಯಷ್ಟೇ ಅಲ್ಲ, ಜನರಿಗೆ ಹೋಗಿಬರುವ ಹಕ್ಕಿರುವ ಯಾವುದೇ ದಾರಿಯೂ ಹೌದು. ಅಲ್ಲಿ 50 ಸಿ.ಸಿ. ಮೀರದ ಬೈಕನ್ನು ಓಡಿಸಲೂ 16 ವರ್ಷ ತುಂಬಿರಬೇಕು, ಪರವಾನಗಿ ಬೇಕು. ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆಡೆಯಲ್ಲಾಗಲಿ ಓಡಿಸಕೂಡದೆಂದು 39ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಂ ಇನ್ನೂ ಕಠಿಣ: ಅಪ್ರಾಪ್ತರು ಈ ಕಾಯ್ದೆಯಡಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ಉಡುಗೊರೆಯ ನಿಜವಾದ ಬೆಲೆ ಇದು.

ಇನ್ನು ಕಾಡಿನ ಮಾತು. ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಈ ಕಾವಲು ನೆಪಮಾತ್ರದ್ದಲ್ಲ. ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿನಲ್ಲಿ ಮಣ್ಣು ತೆಳು. ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಬೈಕಿನ ಚಕ್ರ ಆ ಬೇರನ್ನು ಕಿತ್ತ ಗೆರೆಯಲ್ಲಿ ಮುಂಗಾರಿನ ನೀರು ಹರಿದು ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ. ಇಂಗಬೇಕಾದ ನೀರು ಮಣ್ಣನ್ನು ಹೊತ್ತು ಹಳ್ಳ ಸೇರುತ್ತದೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಇಂಥ ನೆತ್ತಿಗಳಲ್ಲಿಯೇ. ಬೇಸಿಗೆಯಲ್ಲಿ ಕೊಡ ಹಿಡಿದು ಒರತೆಯ ಮುಂದೆ ಕಾಯುವವರು ಬೈಕು ಕೊಂಡವರಲ್ಲ, ನಾವು.

ಸೌದೆಯ ಹೊರೆಯೊಂದಿಗೆ ಕಾಡಿನಿಂದ ಬಂದ ಹೆಂಗಸನ್ನು ತಡೆದು ಪ್ರಶ್ನಿಸುವ ವ್ಯವಸ್ಥೆಯು, ಅದೇ ಕಾಡಿನ ಅಂಚಿನಲ್ಲಿ ಗುಡುಗುವ ಬೈಕಿನ ಮುಂದೆ ಏಕೆ ಮೂಕವಾಗಬೇಕು? ದನ ಮೇಯಿಸುವುದು ಅಪರಾಧ, ಮೋಜಿಗೆ ಮಣ್ಣು ಸೀಳುವುದು ಸಾಹಸ ಎಂಬ ನ್ಯಾಯವನ್ನು ನಾವು ಒಪ್ಪಲಾರೆವು.

ಮಕ್ಕಳು ಮೊಬೈಲ್ ಬಿಟ್ಟು ಹೊರಗೆ ಬರಲಿ, ಧೈರ್ಯ ಕಲಿಯಲಿ ಎಂಬ ವಾದವುಂಟು. ಬರಲಿ, ಕಲಿಯಲಿ. ಹೊಳೆಯಲ್ಲಿ ಈಜು ಕಲಿಸಿ, ಗುಡ್ಡ ಹತ್ತಿಸಿ, ಸೈಕಲ್ ಕೊಡಿಸಿ. ಬೈಕೇ ಬೇಕೆನ್ನುವವರು ಸುತ್ತ ಬೇಲಿಯಿರುವ ಸ್ವಂತ ಸಮತಟ್ಟು ಜಾಗದಲ್ಲಿ ಅಥವಾ ಕ್ರಮಬದ್ಧ ತರಬೇತಿಯ ಮುಚ್ಚಿದ ಟ್ರ್ಯಾಕಿನಲ್ಲಿ, ಹೆಲ್ಮೆಟ್ ತೊಡಿಸಿ, ಹಿರಿಯರ ಕಣ್ಣೆದುರಿಗೆ ಓಡಿಸಲಿ. ಅಂಥ ಜಾಗವಿಲ್ಲದವರು ಕೊಳ್ಳದಿರುವುದೇ ವಿವೇಕ. ಕಾರ್ಮಿಕರೂ ಶಾಲೆಯ ಮಕ್ಕಳೂ ನಡೆಯುವ ತೋಟದ ದಾರಿ ಟ್ರ್ಯಾಕ್ ಅಲ್ಲ.

ಬಸ್ಸಿಲ್ಲದ ಕಾರಣಕ್ಕೆ ಅಣ್ಣನ ಬೈಕಿನಲ್ಲಿ ಹೈಸ್ಕೂಲಿಗೆ ಹೋಗುವ ನಮ್ಮ ಹುಡುಗರಿಗೂ ಈ ಕಾನೂನು ಅನ್ವಯಿಸುತ್ತದೆ. ಆದರೆ ಅವರಿಗೆ ಬೇಕಿರುವುದು ದಂಡಕ್ಕಿಂತ ಮೊದಲು ಬಸ್ಸು. ಮೋಜನ್ನೂ ಅಗತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ.

ಬೈಕು ಎಲ್ಲಿ ಓಡಿಸಬಾರದೆಂಬುದನ್ನು ಅಂಗಡಿಯವರು ಬಿಲ್ಲಿನ ಮೇಲೆಯೇ ಕನ್ನಡದಲ್ಲಿ ಮುದ್ರಿಸಲಿ. ಅರಣ್ಯ ಇಲಾಖೆ ಗುಡ್ಡದ ದಾರಿಗಳ ಬುಡದಲ್ಲಿ ತಡೆಗಂಬ ನೆಡಲಿ. ಮುಂದಿನ ಗ್ರಾಮಸಭೆಯಲ್ಲಿ ನಮ್ಮೂರ ಹುಲ್ಲುಗಾವಲಿಗೆ ಮೋಟಾರು ಬಾರದಂತೆ ನಿರ್ಣಯ ಮಂಡಿಸೋಣ. ವಿದ್ಯಾರ್ಥಿ ಮಿತ್ರರು ಚಕ್ರದ ಗುರುತು ಬಿದ್ದ ಜಾಗಗಳನ್ನು ದಿನಾಂಕ ಸಹಿತ ಬರೆದಿಡಲಿ. ಮಳೆ ಬರುವ ಮುನ್ನ ಈ ಕೆಲಸ ಆಗಬೇಕು. ಕೊರಕಲು ಬಿದ್ದ ಮೇಲೆ ನಿರ್ಣಯ ಮಣ್ಣನ್ನು ಮರಳಿ ತಾರದು.