ಮಿರಗ ನೋಡಿ ಬಿತ್ತುವ ನಾವು, ತಿಂಗಳು ನೋಡದೆ ವಿಮಾನ ಹತ್ತುವುದೇಕೆ?

ಭಾಲ್ಕಿ ತಾಲ್ಲೂಕಿನಲ್ಲಿ ವಿದೇಶ ಪ್ರವಾಸ ಈಗ ಬರೀ ಶ್ರೀಮಂತರ ಮಾತಲ್ಲ. ಗೊಬ್ಬರ, ಸಿಮೆಂಟ್ ಡೀಲರ್‌ಗಳು ಟಾರ್ಗೆಟ್ ಮುಟ್ಟಿಸಿ ಬ್ಯಾಂಕಾಕ್‌ಗೆ ಹೋಗಿ ಬರುತ್ತಾರೆ. ಮೇಷ್ಟ್ರು ಮನೆಯವರು ಮಕ್ಕಳನ್ನು ಕರೆದುಕೊಂಡು ದುಬೈ ನೋಡುತ್ತಾರೆ. ಭಾತಂಬ್ರಾದ ವಾಟ್ಸಾಪ್ ಗ್ರೂಪಿಗೂ 'ನಾಲ್ಕು ರಾತ್ರಿ, ಐದು ದಿನ' ಪ್ಯಾಕೇಜಿನ ಪೋಸ್ಟರ್ ಬರುತ್ತದೆ. ಸಂತೋಷದ ವಿಷಯವೇ. ನನ್ನ ತಕರಾರು ಒಂದೇ. ನಾವು ಊರು ಆರಿಸುತ್ತೇವೆ, ರೇಟು ಚೌಕಾಸಿ ಮಾಡುತ್ತೇವೆ, ತಿಂಗಳನ್ನು ಮಾತ್ರ ಏಜೆಂಟರ ಕೈಗೆ ಬಿಡುತ್ತೇವೆ.

ಒಂದು ಚೀಲ ಸೋಯಾ ಬೀಜ ಹಾಕುವಾಗ ನಾವು ಹೀಗೆ ಮಾಡುವುದಿಲ್ಲ. ಮಿರಗ ಕೂಡಿತೇ, ನೆಲ ನೆನೆಯಿತೇ ಎಂದು ನಾಲ್ಕು ಸಲ ನೋಡುತ್ತೇವೆ. ಮನೆಮಂದಿಗೆಲ್ಲ ಲಕ್ಷಗಟ್ಟಲೆ ಖರ್ಚಾಗುವ ಪ್ರವಾಸಕ್ಕೆ ಅಷ್ಟು ವಿಚಾರವೂ ಬೇಡವೇ?

ಬೇಸಿಗೆಯಲ್ಲಿ ದುಬೈ ಪ್ಯಾಕೇಜು ಅಗ್ಗ. ಅಗ್ಗಕ್ಕೆ ಕಾರಣವಿದೆ. ಅಲ್ಲಿ ಮೇ ತಿಂಗಳಲ್ಲೇ ಬಿಸಿಲು 40 ಡಿಗ್ರಿ ಆಸುಪಾಸಿಗೆ ಬರುತ್ತದೆ, ಜುಲೈ-ಆಗಸ್ಟ್‌ನಲ್ಲಿ ಅದನ್ನೂ ದಾಟುತ್ತದೆ. 'ನಾವು ಬೀದರ್ ಬಿಸಿಲು ಉಂಡವರು, ಅದೇನು ಮಹಾ?' ಎನ್ನುವವರಿದ್ದಾರೆ. ನಮ್ಮದು ಒಣ ಬಿಸಿಲು. ಬೆವರು ಆರುತ್ತದೆ, ಮೈ ತಂಪಾಗುತ್ತದೆ, ರಾತ್ರಿ ಅಂಗಳದಲ್ಲಿ ಮಲಗಿದರೆ ಗಾಳಿ ಸಿಗುತ್ತದೆ. ಸಮುದ್ರದ ಪಕ್ಕದ ಊರಲ್ಲಿ ಗಾಳಿಯೇ ತೇವ. ಬೆವರು ಆರದೆ ಮೈಮೇಲೇ ನಿಲ್ಲುತ್ತದೆ, ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಅದಕ್ಕೇ ಯುಎಇ ಸರ್ಕಾರ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೂಲಿ ಕೆಲಸ ನಿಷೇಧಿಸುತ್ತದೆ. ಬೇಕಿದ್ದರೆ ಗಲ್ಫ್‌ನಲ್ಲಿ ದುಡಿಯುವ ನಮ್ಮ ಜಿಲ್ಲೆಯ ಹುಡುಗರಿಗೆ ಒಂದು ಫೋನ್ ಮಾಡಿ ಕೇಳಿ.

ಇದು ಬರೀ ಸುಖದ ಪ್ರಶ್ನೆಯಲ್ಲ. 2024ರ ಜೂನ್‌ನಲ್ಲಿ ಹಜ್ ಸಮಯಕ್ಕೆ ಮೆಕ್ಕಾದಲ್ಲಿ ಬಿಸಿಲು 50 ಡಿಗ್ರಿ ದಾಟಿತ್ತು. 1,301 ಮಂದಿ ತೀರಿಕೊಂಡರೆಂದು ಸೌದಿ ಸರ್ಕಾರವೇ ಹೇಳಿತು. ಹಜ್ ದಿನ ನಮ್ಮ ಕೈಯಲ್ಲಿಲ್ಲ. ಆದರೆ ಉಮ್ರಾಗೆ ಅಪ್ಪ-ಅಮ್ಮನನ್ನು ಕಳಿಸುವ ತಿಂಗಳು, ದುಬೈಗೆ ಅಜ್ಜಿಯನ್ನು ಕರೆದೊಯ್ಯುವ ತಿಂಗಳು ನಮ್ಮ ಕೈಯಲ್ಲೇ ಇದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಹಿತವಾದ ಹವೆ. ಜನವರಿಯಲ್ಲಿ ದುಬೈನ ಹಗಲು 24 ಡಿಗ್ರಿ ಸುತ್ತಮುತ್ತ ಇರುತ್ತದೆ.

ಮಳೆಯ ಲೆಕ್ಕವೂ ಹೀಗೆಯೇ. ನಮಗೆ ಬರುವ ನೈರುತ್ಯ ಮುಂಗಾರು ನಮ್ಮೊಬ್ಬರದಲ್ಲ. ಮಾಲ್ಡೀವ್ಸ್, ಶ್ರೀಲಂಕಾದ ಕೊಲಂಬೊ ಕಡೆಯ ದಂಡೆ, ಥಾಯ್ಲೆಂಡಿನ ಫುಕೆಟ್ ಎಲ್ಲವೂ ಮೇ ತಿಂಗಳಿಂದಲೇ ಅದರ ಹೊಡೆತಕ್ಕೆ ಸಿಗುತ್ತವೆ. ಫುಕೆಟ್ ಹತ್ತಿರದ ಸಿಮಿಲನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಬಿಡುತ್ತಾರೆ. ಪೋಸ್ಟರಿನಲ್ಲಿ ನೀಲಿ ಸಮುದ್ರ ಇರುತ್ತದೆ, ಅಲ್ಲಿ ಹೋದಾಗ ಕೆಂಪು ಬಾವುಟ ಹಾರುತ್ತಿರುತ್ತದೆ. ಈಜುವಂತಿಲ್ಲ, ಬೋಟಿಲ್ಲ. ದುಡ್ಡು ಮಾತ್ರ ವಾಪಸ್ ಬರುವುದಿಲ್ಲ.

ಹಾಗಾದರೆ ಯಾವ ತಿಂಗಳು? ಒಕ್ಕಲುತನದವರಿಗೆ ನನ್ನ ಉತ್ತರ: ಜನವರಿ ಕೊನೆಯಿಂದ ಫೆಬ್ರುವರಿ. ಎಳ್ಳ ಅಮಾವಾಸ್ಯೆ ಮುಗಿದಿರುತ್ತದೆ, ತೊಗರಿ ರಾಶಿ ಆಗಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಕಬ್ಬಿದ್ದವರು ಕಟಾವಿನ ಪಾಳಿ ನೋಡಿಕೊಳ್ಳಲಿ. ಅದೇ ಸಮಯಕ್ಕೆ ದುಬೈ, ಫುಕೆಟ್, ಮಾಲ್ಡೀವ್ಸ್, ಕೊಲಂಬೊ ನಾಲ್ಕೂ ಕಡೆ ಹವೆ ಒಳ್ಳೆಯದಿರುತ್ತದೆ. ಸೀಸನ್ ರೇಟು ದುಬಾರಿ ಎನ್ನುವುದು ನಿಜ. ಆದರೆ ನಿಜವಾದ ದುಬಾರಿ ಕ್ರಿಸ್‌ಮಸ್, ಹೊಸ ವರ್ಷದ ವಾರಗಳು. ಅವು ಕಳೆಯಲಿ. ದುಬೈಗಾದರೆ ರಂಜಾನ್ ಯಾವಾಗ ಎಂದೂ ನೋಡಿ. ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಆಗ ಹಗಲಿನ ಸಮಯಗಳು ಬದಲಾಗುತ್ತವೆ.

ಶಾಲೆ ಮಕ್ಕಳಿರುವವರಿಗೆ ಸಿಗುವುದು ಏಪ್ರಿಲ್-ಮೇ ಮಾತ್ರ. ಅವರಿಗೆ ನಾನು 'ಹೋಗಬೇಡಿ' ಎನ್ನುವುದಿಲ್ಲ, ಊರು ಬದಲಿಸಿ ಎನ್ನುತ್ತೇನೆ. ಇಂಡೋನೇಷ್ಯಾದ ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಒಣ ಕಾಲ. ಮಾರಿಷಸ್ ಸಮಭಾಜಕದ ಕೆಳಗಿದೆ, ನಮಗೆ ಸುಡು ಬೇಸಿಗೆ ಇದ್ದಾಗ ಅಲ್ಲಿ ಹವೆ ತಂಪಾಗುತ್ತ ಬರುತ್ತದೆ. ಅಲ್ಲಿಗೆ ಚಂಡಮಾರುತದ ಭಯ ಹೆಚ್ಚಿರುವ ಜನವರಿ-ಮಾರ್ಚ್ ಬೇಡ. ಶ್ರೀಲಂಕಾಕ್ಕೇ ಹೋಗಬೇಕೆಂದರೆ ಪೂರ್ವದ ಟ್ರಿಂಕೋಮಲಿ ಆರಿಸಿ. ಕೊಲಂಬೊ ನೆನೆಯುವಾಗ ಆ ದಂಡೆ ಒಣಗಿರುತ್ತದೆ. ಒಂದೇ ದೇಶ, ಎರಡು ಹಂಗಾಮು.

ಏಜೆಂಟರೆಲ್ಲ ಮೋಸಗಾರರಲ್ಲ. ಖಾಲಿ ಸೀಟು, ಖಾಲಿ ರೂಮು ತುಂಬಿಸುವುದು ಅವರ ಹೊಟ್ಟೆಪಾಡು. ಕೇಳುವುದು ನಮ್ಮ ಕೆಲಸ. ಅಡ್ವಾನ್ಸ್ ಕೊಡುವ ಮುಂಚೆ ಮೂರು ಮಾತು ಕೇಳಿ. ಆ ತಿಂಗಳು ಅಲ್ಲಿ ಬಿಸಿಲೆಷ್ಟು, ಮಳೆಯೆಷ್ಟು? ಪೋಸ್ಟರಿನಲ್ಲಿರುವ ದ್ವೀಪ, ಬೋಟು ಆ ವಾರ ತೆರೆದಿರುತ್ತವೆಯೇ? ಹವೆ ಕೆಟ್ಟು ರದ್ದಾದರೆ ಎಷ್ಟು ಹಣ ವಾಪಸ್? ಮೂರಕ್ಕೂ ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಹೈದರಾಬಾದ್ ಏರ್‌ಪೋರ್ಟ್ ದಾಟುವುದಿಲ್ಲ.

ನಮ್ಮ ಎಷ್ಟೋ ಮನೆಗಳಿಗೆ ಇದು ಜನ್ಮಕ್ಕೊಮ್ಮೆಯ ಪ್ರವಾಸ. ಬಿತ್ತನೆ ಕೆಟ್ಟರೆ ಮರುವರ್ಷವಾದರೂ ಇನ್ನೊಂದು ಮಿರಗ ಬರುತ್ತದೆ. ಎಪ್ಪತ್ತರ ತಾಯಿಯನ್ನು ಇನ್ನೊಮ್ಮೆ ಸಮುದ್ರ ತೋರಿಸಲು ಕರೆದೊಯ್ಯುತ್ತೇವೆ ಎಂಬ ಭರವಸೆ ಯಾರಿಗಿದೆ? ಮೊದಲು ತಿಂಗಳು ಗೊತ್ತು ಮಾಡಿ. ಊರು, ರೇಟು ಆಮೇಲೆ.