ಗೇರ್‌ಬಾಕ್ಸ್ ಇಳಿಸೋ ಮುಂಚೆ ಬಾನೆಟ್ ಎತ್ತಿ ನೋಡಿ

ಗೇರ್ ಬೀಳ್ತಿಲ್ಲ ಅಂದ ಕೂಡಲೇ ‘ಬಾಕ್ಸ್ ಇಳಿಸ್ಬೇಕು ಸಾರ್’ ಅನ್ನೋ ಮಾತಿನ ಮೇಲೆ ನಮಗೆ ಸಿಟ್ಟಿದೆ. ಈ ಒಂದು ಮಾತಿನಿಂದ ಎಷ್ಟು ಹುಡುಗರ ದುಡ್ಡು ನೀರುಪಾಲಾಗಿದೆಯೋ ಲೆಕ್ಕ ಇಟ್ಟವರಿಲ್ಲ.

ಕೊಡಗು, ಚಿಕ್ಕಮಗಳೂರು ಕಡೆ ಮಣ್ಣಿನ ಟ್ರ್ಯಾಕಿನಲ್ಲಿ ಆಟೋಕ್ರಾಸ್ ನಡೆಯೋದು ನಿಮಗೆ ಗೊತ್ತು. ಅಲ್ಲಿ ಓಡಿಸುವವರೆಲ್ಲ ಎಸ್ಟೇಟ್ ಧಣಿಗಳ ಮಕ್ಕಳಲ್ಲ. ನಮ್ಮ ಗೆಳೆಯನೊಬ್ಬ ಪಿಕಪ್ ಬಾಡಿಗೆ ಓಡಿಸಿ ಕೂಡಿಟ್ಟ ದುಡ್ಡಲ್ಲಿ ಹಳೇ ಮಾರುತಿ ಎಸ್ಟೀಮ್ ತಗೊಂಡ. ಎರಡನೇ ರೇಸಿಗೇ ತಕರಾರು ಶುರು. ಫುಲ್ ಆಕ್ಸಿಲರೇಟರ್ ಕೊಟ್ಟು ಒಂದರಿಂದ ಎರಡಕ್ಕೆ ಹಾಕಿದರೆ ಗೇರ್ ಬೀಳೋದಿಲ್ಲ, ಬಿದ್ದರೂ ಹಾರಿ ನ್ಯೂಟ್ರಲ್‌ಗೆ ಬರುತ್ತೆ. ಗ್ಯಾರೇಜಿನವರು ಗಾಡಿ ಓಡಿಸಿಯೂ ನೋಡಲಿಲ್ಲ. ‘ಸಿಂಕ್ರೊ ರಿಂಗ್ ಹೋಗಿದೆ’ ಅಂದರು, ಬಾಕ್ಸ್ ಬಿಚ್ಚಿದರು. ಎರಡು ವಾರ ಗಾಡಿ ಅಲ್ಲೇ. ಒಂದು ರೇಸ್ ತಪ್ಪಿತು. ಗಾಡಿ ಬಂದ ಮೇಲೂ ಅದೇ ರಾಮಾಯಣ.

ತಪ್ಪಿದ್ದದ್ದು ಇಂಜಿನ್ ಮೌಂಟಿಂಗಿನಲ್ಲಿ. ರಬ್ಬರ್ ಹರಿದಿತ್ತು. ಜೋರಾಗಿ ಎಳೆದಾಗ ಇಂಜಿನ್ ವಾಲುತ್ತೆ, ಅದಕ್ಕೆ ಅಂಟಿಕೊಂಡ ಗೇರ್‌ಬಾಕ್ಸೂ ವಾಲುತ್ತೆ, ಲಿವರ್‌ನಿಂದ ಹೋಗುವ ರಾಡ್ ಜಾಗ ತಪ್ಪುತ್ತೆ. ಕೈ ಎರಡನೇ ಗೇರಿಗೆ ತಳ್ಳಿದ್ದರೂ ಒಳಗೆ ಗೇರ್ ಪೂರ್ತಿ ಕೂತಿರೋದಿಲ್ಲ.

ಇದನ್ನು ಹಿಡಿಯೋಕೆ ಸ್ಪಾನರ್ ಕೂಡ ಬೇಕಿರಲಿಲ್ಲ. ಇಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಫ್ ಇದ್ದಾಗ ಸಲೀಸು, ಆನ್ ಮಾಡಿದರೆ ಎಲ್ಲವೂ ಬಿಗಿ ಅಂದರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ಐಡ್ಲಿಂಗಿನಲ್ಲಿ ಕ್ಲಚ್ ಒತ್ತಿ, ನಾಲ್ಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿದಾಗ ಕರ್ರ್ ಅಂದರೂ ಅದೇ ಅನುಮಾನ. ಎಸ್ಟೀಮ್, ಝೆನ್‌ಗಳಲ್ಲಿ ಕ್ಲಚ್ ಕೇಬಲ್ಲಿನದು. ಕೇಬಲ್ ಎಳೆ ಬಿಟ್ಟಿದೆಯೋ, ಸಡಿಲವಾಗಿದೆಯೋ ನೋಡಿ. ಆಫ್ ಇದ್ದಾಗಲೂ ಬಿಗಿಯಾದರೆ ರಾಡು, ಬುಷ್ಷು, ಅದಕ್ಕೆ ಮೆತ್ತಿದ ಕೆಸರು. ರೇಸ್ ಆದ ಮೇಲೆ ಬಾಡಿ ತೊಳೆದು ಫೋಟೋ ಹಾಕ್ತೀರಲ್ಲ, ಅಡಿಗೂ ಸ್ವಲ್ಪ ನೀರು ಬಿಡಿ.

ನಿಂತಾಗ ಎಲ್ಲ ಸರಿ, ಮೆಲ್ಲಗೆ ಓಡಿಸಿದಾಗಲೂ ಸರಿ, ಜೋರಾಗಿ ಎಳೆದಾಗ ಮಾತ್ರ ತಕರಾರು ಅಂದರೆ ಮೊದಲು ಮೌಂಟಿಂಗ್ ನೋಡಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲನೇ ಗೇರಲ್ಲಿ ಕ್ಲಚ್ ತುಸುವೇ ಬಿಡಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಇಂಜಿನ್ ಎದ್ದು ಕುಣಿದರೆ ಉತ್ತರ ಸಿಕ್ಕಿತು. ಗಾಡಿ ಮುಂದೆ ಮಾತ್ರ ಯಾರೂ ನಿಲ್ಲಬೇಡಿ.

ಬಾಕ್ಸ್ ಬಿಚ್ಚಲೇಬಾರದು ಅಂತ ನಾವು ಹೇಳ್ತಿಲ್ಲ. ನಿಧಾನವಾಗಿ ಹಾಕಿದಾಗಲೂ ಒಂದೇ ಗೇರ್ ಕರಕರ ಅಂದರೆ ಆ ಗೇರಿನ ಸಿಂಕ್ರೊ ಸವೆದಿರಬಹುದು. ಆಗಲೂ ಮೊದಲು ಆಯಿಲ್ ಇಳಿಸಿ. ಹಿತ್ತಾಳೆ ಬಣ್ಣದ ಪುಡಿ ಜಾಸ್ತಿ ಇದ್ದರೆ ರಿಂಗ್ ಸವೆದಿದೆ. ಕಬ್ಬಿಣದ ಚೂರು ಬಂದರೆ ಹಲ್ಲು ಮುರಿದಿದೆ, ಗಾಡಿ ಓಡಿಸಲೇಬೇಡಿ. ಗೇರ್ ಆಯಿಲ್ ಎಲ್ಲ ಒಂದೇ ಅಂತ ಅಂಗಡಿಯವನು ಕೊಟ್ಟ ಡಬ್ಬ ಸುರಿಯುವವರೂ ಇದ್ದಾರೆ. ಕಂಪನಿ ಜಿಎಲ್-4 ಅಂದಿದ್ದ ಕಡೆ ಜಿಎಲ್-5 ಹಾಕಿದರೆ ಹಿತ್ತಾಳೆ ರಿಂಗಿಗೆ ಹಿಡಿತ ತಪ್ಪಬಹುದು. ಗಾಡಿಯ ಪುಸ್ತಕ ನೋಡಿ ಹಾಕಿ.

ಹುಡುಗರ ತಪ್ಪೂ ಇದೆ. ಕ್ಲಚ್ ಅರ್ಧ ಒತ್ತಿ ಗೇರ್ ಗುದ್ದೋದು, ಕೇಳಿದರೆ ‘ನಾನು ಸ್ಮೂತಾಗೇ ಓಡಿಸ್ತೀನಣ್ಣ’ ಅನ್ನೋದು. ಡಾಕ್ಟರ ಹತ್ತಿರ ಕುಡಿದದ್ದು ಮುಚ್ಚಿಟ್ಟ ಹಾಗೆ. ಹೇಳಿದರೆ ತಾನೇ ಮೆಕ್ಯಾನಿಕ್‌ಗೆ ಗೊತ್ತಾಗೋದು?

ಬಿಚ್ಚುವ ಮುಂಚೆ ನಿಮ್ಮನ್ನು ಕೂರಿಸಿಕೊಂಡು ಓಡಿಸಿ ನೋಡಲಿ, ತೆಗೆದ ಪಾರ್ಟ್ ಕೈಗೆ ಕೊಡಲಿ. ಇಷ್ಟು ಕೇಳೋಕೆ ನಾಚಿಕೆ ಬೇಡ. ನಮ್ಮ ಗೆಳೆಯ ಜಗಳ ಮಾಡಿ ತಂದ ಹಳೇ ರಿಂಗ್ ಈಗಲೂ ಅವನ ಡ್ಯಾಶ್‌ಬೋರ್ಡ್ ಮೇಲಿದೆ. ಅದರ ಹಲ್ಲು ಒಂದೂ ಸವೆದಿಲ್ಲ.