ಹೊಗೆಗೂ ಉಂಟು ಲೆಕ್ಕಪತ್ರ



ಆಡಿಟ್ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ನಿಮ್ಮಲ್ಲಿ ಕೆಲವರು ಸಿ.ಎ. ಪರೀಕ್ಷೆಗೆ ಓದುತ್ತಿದ್ದೀರಿ, ಇನ್ನು ಕೆಲವರ ತಂದೆಯವರು ಹೋಟೆಲಿನ ಗಲ್ಲಾದಲ್ಲಿ ಕುಳಿತು ಲೆಕ್ಕ ಬರೆದೇ ಮಕ್ಕಳನ್ನು ಓದಿಸಿದ್ದಾರೆ. ಆದರೆ ಹಣಕ್ಕಿರುವಂತೆ ಹೊಗೆಗೂ ಆಡಿಟ್ ಉಂಟೆಂಬುದು ಎಷ್ಟು ಮಂದಿಗೆ ಗೊತ್ತು? ಡೊಂಬಿವಲಿ, ತಾರಾಪುರ, ವಾಪಿಗಳ ರಾಸಾಯನಿಕ ಕಾರ್ಖಾನೆಗಳಿಗೆ ನಾಳೆ ಎಂಜಿನಿಯರುಗಳಾಗಿ, ಕೆಮಿಸ್ಟರಾಗಿ ಸೇರುವವರು ನಿಮ್ಮಲ್ಲೇ ಇದ್ದೀರಿ. ಆದ್ದರಿಂದ ಈ ಸಲ ಈ ವಿಷಯ.

ಕಾರ್ಖಾನೆಯಲ್ಲಿ ಹೊಗೆ ತೊಳೆಯುವ ಯಂತ್ರ ಇದ್ದ ಮಾತ್ರಕ್ಕೆ ಗಾಳಿ ಶುದ್ಧವಾಗದು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ವಿಷಾನಿಲವನ್ನು ತೊಳೆಯುವ ಸ್ಕ್ರಬ್ಬರ್ ಇತ್ತು, ಸುಟ್ಟುಹಾಕುವ ಗೋಪುರವಿತ್ತು, ಟ್ಯಾಂಕನ್ನು ತಂಪಾಗಿಡುವ ಯಂತ್ರವೂ ಇತ್ತು. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಹೊರನುಗ್ಗಿದಾಗ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಕಳಚಿಡಲಾಗಿತ್ತು, ತಂಪುಯಂತ್ರ ತಿಂಗಳುಗಳಿಂದ ನಿಂತಿತ್ತು, ಸ್ಕ್ರಬ್ಬರಿಗೆ ಅಷ್ಟು ಅನಿಲವನ್ನು ತಡೆಯುವ ಶಕ್ತಿಯಿರಲಿಲ್ಲ. 1982ರಲ್ಲೇ ಕಂಪನಿಯ ಸ್ವಂತ ತಜ್ಞರು ಬಂದು ಪರಿಶೀಲಿಸಿ ದೋಷಗಳ ಪಟ್ಟಿ ಕೊಟ್ಟುಹೋಗಿದ್ದರು!

ಪಟ್ಟಿ ಬರೆದರೆ ಸಾಲದು ಎಂಬುದು ಒಂದು ಪಾಠ. ಪಟ್ಟಿಯನ್ನೇ ಸುಳ್ಳು ಬರೆದರೆ? ಅದಕ್ಕೆ ಗುಜರಾತಿನ ಕಥೆ ಕೇಳಿ.

ಅಲ್ಲಿನ ಹೈಕೋರ್ಟು 1996ರಲ್ಲಿ ಒಂದು ಏರ್ಪಾಡು ಮಾಡಿತು. ಹೆಚ್ಚು ಮಾಲಿನ್ಯ ಉಂಟುಮಾಡಬಲ್ಲ ಕಾರ್ಖಾನೆಗಳು ಪ್ರತಿವರ್ಷ ಹೊರಗಿನ ಆಡಿಟರಿಂದ ಚಿಮಣಿಯ ಹೊಗೆಯನ್ನೂ ಹೊರಬಿಡುವ ನೀರನ್ನೂ ಅಳೆಸಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿ ಸಲ್ಲಿಸಬೇಕು. ಉದ್ದೇಶ ಒಳ್ಳೆಯದೇ. ಆದರೆ ಆಡಿಟರನ್ನು ಆರಿಸುವವನೂ ಹಣ ಕೊಡುವವನೂ ಕಾರ್ಖಾನೆಯ ಮಾಲೀಕನೇ! ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ಇಲ್ಲಿ ತಲೆಕೆಳಗಾಗಿ ಕೆಲಸ ಮಾಡಿತು.

2009ರಿಂದ 2011ರವರೆಗೆ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಮಂಡಳಿಯ ಜತೆಗೂಡಿ 473 ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹಳೆಯ ಪದ್ಧತಿಯ ಆಡಿಟರುಗಳ ಪ್ರಕಾರ ಹೊಗೆಯ ಕಣಗಳ ಮಿತಿಯನ್ನು, ಅಂದರೆ ಒಂದು ಘನ ಮೀಟರಿಗೆ 150 ಮಿಲಿಗ್ರಾಂ ಅನ್ನು, ಮೀರಿದ ಕಾರ್ಖಾನೆಗಳು ಕೇವಲ ಶೇಕಡಾ 7. ಬೇರೆಯವರು ಹೋಗಿ ಅಳೆದಾಗ ಸಿಕ್ಕಿದ್ದು ಶೇಕಡಾ 59! ಎಷ್ಟೋ ವರದಿಗಳಲ್ಲಿ ಅಂಕಿ 150ರ ತುಸು ಕೆಳಗೆ ಬಂದು ನಿಂತಿತ್ತು.

ಉಳಿದರ್ಧ ಕಾರ್ಖಾನೆಗಳಿಗೆ ಆಡಿಟರನ್ನು ಚೀಟಿ ಎತ್ತಿದಂತೆ ನೇಮಿಸಿದರು, ಸಂಬಳವನ್ನು ಸಾಮಾನ್ಯ ನಿಧಿಯಿಂದ ಕೊಟ್ಟರು, ಕೆಲವು ಅಳತೆಗಳನ್ನು ಮತ್ತೊಮ್ಮೆ ಪರೀಕ್ಷಿಸಿದರು. ಸುಳ್ಳು ವರದಿ ಶೇಕಡಾ 80ರಷ್ಟು ಇಳಿಯಿತು. ಆ ಕಾರ್ಖಾನೆಗಳ ಮಾಲಿನ್ಯವೂ ತಗ್ಗಿತು. 2015ರಲ್ಲಿ ಗುಜರಾತು ಈ ರೀತಿಯ ನೇಮಕವನ್ನು ನಿಯಮವಾಗಿಯೇ ಮಾಡಿಕೊಂಡಿತು. ಮನುಷ್ಯರು ಅದೇ ಊರಿನವರು, ಉಪಕರಣಗಳೂ ಅವೇ, ಬದಲಾದದ್ದು ಏರ್ಪಾಡು.

ಈಗ ಯಂತ್ರಗಳೇ ಅಳೆಯುವ ಕಾಲ. 17 ವರ್ಗದ ಹೆಚ್ಚು ಮಾಲಿನ್ಯಕಾರಕ ಉದ್ಯಮಗಳು ಸದಾಕಾಲ ಅಳೆಯುವ ಮಾಪಕಗಳನ್ನು ಕೂರಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ಆದೇಶಿಸಿತು. ಆದರೆ ಪ್ರಮಾಣ ಗೊತ್ತಿರುವ ಅನಿಲ ಹಾಯಿಸಿ ಆಗಾಗ ಪರೀಕ್ಷಿಸದಿದ್ದರೆ ಮಾಪಕವೂ ತಪ್ಪು ಹೇಳುತ್ತದೆ. ದಿನಗಟ್ಟಲೆ ಗೆರೆ ಅಲುಗದೆ ನೇರವಾಗಿದ್ದರೆ ಸಂಶಯಪಡಿ.

ಒಂದು ಉಪಾಯ ನೆನಪಿಡಿ. ಆಮ್ಲದ ಹೊಗೆಯನ್ನು ತೊಳೆಯುವ ಸ್ಕ್ರಬ್ಬರಿಗೆ ಕಾಸ್ಟಿಕ್ ಸೋಡಾ ಬೇಕು, ಪಂಪಿಗೆ ವಿದ್ಯುತ್ ಬೇಕು. ಸ್ಕ್ರಬ್ಬರ್ ವರ್ಷವಿಡೀ ನಡೆದಿದೆ ಎಂದು ವರದಿ ಹೇಳಿದರೆ, ಸ್ಟೋರಿನ ರಿಜಿಸ್ಟರ್ ತರಿಸಿ ನೋಡಿ: ಎಷ್ಟು ಕಾಸ್ಟಿಕ್ ಖರೀದಿಯಾಯಿತು? ಎಷ್ಟು ಖರ್ಚಾಯಿತು? ಆಮೇಲೆ ಏಣಿ ಹತ್ತಿ ಚಿಮಣಿಯ ಬಳಿಗೇ ಹೋಗಿ.

ನಾಳೆ ಅಂಥ ವರದಿಯ ಕೆಳಗೆ ನಿಮ್ಮ ಸಹಿ ಬೀಳಬಹುದು. ಆ ಚಿಮಣಿಯ ಬುಡದ ಚಾಳುಗಳಲ್ಲಿ ಉಸಿರಾಡುವವರಿಗೆ 149 ಎಂಬ ಸುಳ್ಳು ಅಂಕಿಯಿಂದ ಉಪಯೋಗವಿಲ್ಲ. ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ನಮ್ಮ ಸಂಘದ ಸದಸ್ಯರು ತಮ್ಮ ಅನುಭವ ಬರೆದು ಕಳುಹಿಸಲಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸೋಣ.